ಕಾಕಾರಿಗೆ ಚೆಂಡು ಕೊಟ್ಟು ಓಡುವುದು

ಪುಣೆಯಲ್ಲಿ ಆಗ ಫುಟ್‌ಬಾಲ್ ಮಳೆಗಾಲದ ಆಟ. ಬೇಸಿಗೆಯಲ್ಲಿ ಮೈದಾನ ಕಲ್ಲಾಗಿರುತ್ತಿತ್ತು. ಚಳಿಗಾಲವನ್ನು ಕ್ರಿಕೆಟ್ಟಿನವರು ಹಿಡಿದುಕೊಂಡಿದ್ದರು. ಜೂನಿನ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ನಮ್ಮ ಪಾಳಿ. ಕಚೇರಿ ಬಿಟ್ಟ ಕೂಡಲೇ ಚಡ್ಡಿ ಬನಿಯನ್ನು ಚೀಲಕ್ಕೆ ತುರುಕಿ, ಸೈಕಲ್ ಏರಿ, ನದಿ ದಾಟಿ ಮೈದಾನಕ್ಕೆ ಬರುತ್ತಿದ್ದ ಹನ್ನೊಂದು ಜನರಲ್ಲಿ ನಾನೂ ಒಬ್ಬ. ಆ ವರ್ಷ ನಾಯಕನೂ ನಾನೇ ಆಗಿದ್ದೆ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ, ಈಗ ನನ್ನ ನೆನಪನ್ನೂ ಹಾಗೆಯೇ ನೋಡುವ ಅಭ್ಯಾಸವಾಗಿದೆ. ಆ ಮಳೆಗಾಲದ ದಿನಚರಿ ತೆಗೆದರೆ ಸಿಗುವುದು ‘ಮಳೆ’, ‘ಸೋತೆವು’, ‘ಪಾದ ಬಾತಿದೆ’ ಎನ್ನುವಷ್ಟೇ. ಉಳಿದದ್ದೆಲ್ಲ ತಲೆಯೊಳಗಿನದು. ಅದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ಚಹಾ ಕುಡಿಯುತ್ತ ನಾವೇ ಸೇರಿಸಿಕೊಂಡದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ನಮ್ಮದು ಕನ್ನಡಿಗರ ಮಂಡಳಿಯ ಟೀಮು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯಿಂದ ನೌಕರಿಗೆಂದು ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ಎಲ್ಲರೂ ಬರಿಗಾಲಲ್ಲೇ ಆಡುವವರು. ಹೆಚ್ಚಿನವರು ಒಂದೇ ಸರಕಾರಿ ಕಚೇರಿಯ ಕಾರಕೂನರು. ಆ ಕಚೇರಿಯ ಹೆಡ್‌ಕ್ಲಾರ್ಕ್ ನಮ್ಮ ಸೆಂಟರ್ ಫಾರ್ವರ್ಡ್; ಅಂದರೆ ಎಲ್ಲರ ಮುಂದೆ, ಎದುರಾಳಿಯ ಗೋಲಿಗೆ ಹತ್ತಿರ ನಿಂತು ಗೋಲು ಹೊಡೆಯಬೇಕಾದವರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರಿಗೆ ನಲವತ್ತು ದಾಟಿತ್ತು. ವಯಸ್ಸಿನಲ್ಲಿದ್ದಾಗ ದೊಡ್ಡ ಆಟಗಾರರಂತೆ. ನಾನು ಅದನ್ನು ನೋಡಿದವನಲ್ಲ, ಕೇಳಿದವನು. ನಾನು ನೋಡುವ ಹೊತ್ತಿಗೆ ಅವರ ಕಾಲಲ್ಲಿ ಓಟ ಉಳಿದಿರಲಿಲ್ಲ. ಆದರೆ ಚೆಂಡು ಕಾಲಿಗೆ ಸಿಕ್ಕಿತೆಂದರೆ ಅದನ್ನು ಅವರಿಂದ ಕಸಿಯುವುದು ಸುಲಭವಿರಲಿಲ್ಲ. ಬೆನ್ನು ಅಡ್ಡ ಕೊಟ್ಟು, ಸೊಂಟ ತಿರುಗಿಸಿ, ಎಳೆ ಮಗುವನ್ನು ಗದ್ದಲದಿಂದ ಕಾಪಾಡುವವರಂತೆ ನಿಂತುಬಿಡುತ್ತಿದ್ದರು.

ಆ ಮಳೆಗಾಲ ನಾವು ಒಂದರ ಹಿಂದೊಂದು ಸೋತೆವು. ಲೀಗಿನ ಮೇಲಿನ ವಿಭಾಗದಲ್ಲಿ ಕಟ್ಟಕಡೆಗೆ ಬಂದು ನಿಂತಿದ್ದೆವು. ಕೊನೆಗೆ ಉಳಿದ ಒಂದು ಮ್ಯಾಚು ಖಡಕಿಯ ದಂಡಿನ ಒಂದು ಗೋರಾ ಪಲಟಣಿಯ, ಅಂದರೆ ಇಂಗ್ಲಿಷ್ ಸಿಪಾಯಿಗಳ ತುಕಡಿಯ, ಮೇಲೆ. ಅದನ್ನು ಗೆದ್ದರೆ ಮಾತ್ರ ಮೇಲಿನ ವಿಭಾಗದಲ್ಲಿ ಉಳಿಯುತ್ತಿದ್ದೆವು. ಸರಿಸಮ ಆದರೂ ಕೆಳಗೆ ಬೀಳುತ್ತಿದ್ದೆವು. ಮಂಡಳಿಯ ಅಧ್ಯಕ್ಷರು ಬೆಳಗಾವಿ ಕಡೆಯ ಅರಿವೆ ವ್ಯಾಪಾರಿಗಳು, ಮಾತು ಕಡಿಮೆ. ಒಂದು ಸಂಜೆ ನನ್ನನ್ನು ಅಂಗಡಿಗೆ ಕರೆಸಿ, ಬಟ್ಟೆಯ ಥಾನು ಸುತ್ತುತ್ತಲೇ ಹೇಳಿದರು.

“ನೋಡ್ರಿ ಮಾಸ್ತರ, ಕೆಳಗ ಬಿದ್ರ ಟೀಮು ಬಂದ್. ಮಂಡಳಿಯವರ ಮಾತೂ ಅದೇ ಅದ. ಓಡೋ ಹುಡುಗರನ್ನ ಕ್ಯಾಂಪಿನ ದೊಡ್ಡ ಕ್ಲಬ್ಬಿನವರು ಕರ್ಯಾಕ ಹತ್ಯಾರ, ಹೋಗ್ಲಿ. ಉಳದವರು ಮನ್ಯಾಗ ಕೂತು ಭಜನಿ ಮಾಡ್ರಿ.”

“ಇನ್ನೂ ಒಂದು ಮ್ಯಾಚು ಅದ ಅಲ್ರಿ?”

“ಅದ. ಅದಕ್ಕ ಒಂದು ದಾರಿ ಅಂದ್ರ, ಕಾಕಾನ ಹೊರಗ ಕೂಡಿಸಿ ಬಿಡ್ರಿ. ಆ ಜಾಗಾಕ್ಕ ಹೊರಗಿನವ ಒಬ್ಬನ್ನ ತರೂಣು.”

ನಾನು ತಕ್ಷಣ ಆಗುವುದಿಲ್ಲ ಎಂದೆ. ಯಾಕೆ ಹಾಗೆಂದೆ ಎಂದು ಈಗ ಕೇಳಿಕೊಂಡರೆ ಉತ್ತರ ಅಷ್ಟು ಸ್ಪಷ್ಟವಿಲ್ಲ. ಕಾಕಾರ ಮೇಲಿನ ಪ್ರೀತಿ ಎನ್ನಬಹುದು. ಕಾಕಾ ಕೂತರೆ ಅವರ ಕಚೇರಿಯ ಅರ್ಧ ಟೀಮು ಸಂಕೋಚದಿಂದಲೇ ಬರುವುದು ಬಿಡುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಇದ್ದವರನ್ನೇ ಇಟ್ಟುಕೊಂಡು ಗೆಲ್ಲಿಸುತ್ತೇನೆ ಎಂಬ ಹಟವಂತೂ ಖಂಡಿತ ಇತ್ತು. ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ನಿಶ್ಚಯ ಮಾಡಿಕೊಂಡಿದ್ದೆ: ಅದೇ ಹನ್ನೊಂದು ಜನ, ಬೇರೆ ಆಟ.

ಬೇರೆ ಆಟವೆಂದರೆ ಯಾವುದು? ಪದವೀಧರನಾದವನು ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ವಾಚನಾಲಯಕ್ಕೆ ಹೋದೆ. ಅಲ್ಲಿ ವಿಲಾಯತಿಯ ಹಳೆಯ ವಾರಪತ್ರಿಕೆಗಳ ರಾಶಿಯಿತ್ತು. ಒಂದರಲ್ಲಿ ಹೊಸ ತರಹದ ಆಕ್ರಮಣದ ನಕಾಶೆ ಸಿಕ್ಕಿತು. ಮುಂದಿನ ಐವರಲ್ಲಿ ಇಬ್ಬರು ಹಿಂದೆ ಸರಿಯುವುದು, ಅಲ್ಲಿಂದ ಮೈದಾನದ ಮೂಲೆಗಳಿಗೆ ಉದ್ದುದ್ದ ಚೆಂಡು ಒದೆಯುವುದು, ಅಂಚಿನವರು ಓಡಿ ಹಿಡಿಯುವುದು. ಬಾಣದ ಗುರುತುಗಳು ಬಹಳ ಅಚ್ಚುಕಟ್ಟಾಗಿದ್ದವು. ಅದನ್ನು ಕಾಗದದ ಮೇಲೆ ಇಳಿಸಿಕೊಂಡು ಬಂದು, ಕೊನೆಯ ಮ್ಯಾಚಿಗೆ ಮುಂಚೆ ಲೀಗಿನ ಹೊರಗೆ ಗೊತ್ತಾಗಿದ್ದ ಒಂದು ಆಟದಲ್ಲಿ ಅದನ್ನೇ ಆಡಿಸಿದೆ.

ಫಜೀತಿ ಆಯಿತು. ಬೂಟು ಹಾಕಿದವರು ಒದೆಯುವ ಚೆಂಡದು. ಮಳೆಯಲ್ಲಿ ನೆನೆದ ಚರ್ಮದ ಚೆಂಡು ಬರಿಗಾಲಿಗೆ ಬೀಸುವ ಕಲ್ಲಿನಂತಿರುತ್ತದೆ. ಒದ್ದರೆ ಅರ್ಧ ದಾರಿಯಲ್ಲಿ ಕೆಸರಿಗೆ ಬಿದ್ದು ಕೂತುಬಿಡುತ್ತಿತ್ತು. ನಮ್ಮ ಗೋಲ್‌ಕೀಪರ್ ಟಪಾಲು ಕಚೇರಿಯಲ್ಲಿ ಕೆಲಸ ಮಾಡುವವನು, ದಪ್ಪ ಮೈಯವನು, ಬಾಯಿ ಸುಮ್ಮನಿರದವನು. ಆಟ ಮುಗಿದ ಮೇಲೆ ನನ್ನ ನಕಾಶೆಯನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದ.

“ಮಾಸ್ತರ, ಇದು ತಪ್ಪು ವಿಳಾಸಕ್ಕ ಬಂದದ ರೀ. ಹೊಳ್ಳಿ ಕಳಿಸಿಬಿಡ್ರಿ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ ಎಂದು ನೆನಪು. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ನಾನು ಬೇರೆ ಯಾರದೋ ಕಾಲುಗಳಿಗಾಗಿ ಮಾಡಿದ ಉಪಾಯವನ್ನು ಈ ಕಾಲುಗಳ ಮೇಲೆ ಹೇರಿದ್ದೆ. ನಮ್ಮವರಿಗೆ ಏನು ಬರುತ್ತದೆ, ಹೇಳದಿದ್ದರೂ ಏನನ್ನು ಮಾಡೇ ಮಾಡುತ್ತಾರೆ ಎಂದು ನಾನು ನೋಡಿಯೇ ಇರಲಿಲ್ಲ.

ಮಾರನೆಯ ವಾರ, ಕೊನೆಯ ಮ್ಯಾಚು ಆಡಬೇಕಾಗಿದ್ದ ಪಲಟಣಿಯ ಟೀಮಿನ ಜೊತೆಗೇ ನಮ್ಮದೊಂದು ಸ್ನೇಹದ ಆಟ ಗೊತ್ತಾಗಿತ್ತು. ನನ್ನ ಪಾದ ಬಾತಿದ್ದರಿಂದ ನಾನು ಆಡದೆ ಗೆರೆಯ ಹೊರಗೆ ಕೊಡೆ ಹಿಡಿದು ಕೂತೆ. ಒಳಗಿದ್ದಾಗ ಕಾಣದ್ದು ಹೊರಗಿನಿಂದ ಕಂಡಿತು.

ನಮ್ಮವರು ಚೆಂಡು ಸಿಕ್ಕವರೆಲ್ಲ ಅದನ್ನು ಕಾಕಾರಿಗೆ ಕೊಡುತ್ತಿದ್ದರು. ಎದುರಿಗೆ ಗೋಲು ತೆರೆದು ಬಿದ್ದಿದ್ದರೂ ಹೊರಳಿ ಕಾಕಾರಿಗೇ. ಕಾಕಾ ಕೇಳುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವರ ಮೇಜಿಗೆ ಕಡತ ಒಯ್ದು ಇಟ್ಟ ಕೈಗಳು, ಸಂಜೆ ಕಾಲುಗಳಿಗೂ ಅದೇ ರೂಢಿ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕೊಟ್ಟವನು ಕೊಟ್ಟು ಅಲ್ಲೇ ನಿಲ್ಲುತ್ತಿದ್ದ. ಸಾಹೇಬರು ಓದಿ ಸಹಿ ಮಾಡುವವರೆಗೆ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವ ಹಾಗೆ, ಕಾಕಾ ಏನು ಮಾಡುತ್ತಾರೋ ಎಂದು ನೋಡುತ್ತ. ಅವರನ್ನು ದಾಟಿ ಮುಂದಕ್ಕೆ ಯಾರೂ ಹೋಗುತ್ತಿರಲಿಲ್ಲ. ನಮ್ಮ ಎಡ ಅಂಚಿನ ಹುಡುಗ ಟೀಮಿನಲ್ಲೇ ಚುರುಕು, ಜಿಂಕೆಯ ಹಾಗೆ ಓಡುವವನು. ಕಚೇರಿಯಲ್ಲಿ ಕಾಕಾರ ಕೈಕೆಳಗಿನ ಹೊಸ ಕಾರಕೂನ. ಅವನೂ ಕಾಕಾರ ಪಕ್ಕಕ್ಕೆ ಬಂದ ಕೂಡಲೇ ಓಟ ನಿಲ್ಲಿಸಿ ನಡೆಯುತ್ತಿದ್ದ.

ಇನ್ನೊಂದು ಸಂಗತಿಯೂ ಕಂಡಿತು. ಪಲಟಣಿಯವರ ನಡುವನ್ನು ಕಾಯಲು ಒಬ್ಬ ಉದ್ದನೆಯ ಸಿಪಾಯಿ ಇದ್ದ. ನಮ್ಮವರು ಅವನನ್ನು ಲಂಬೂ ಎನ್ನುತ್ತಿದ್ದರು. ಎಲ್ಲ ಚೆಂಡೂ ಕಾಕಾರಿಗೆ ಬರುತ್ತದೆಂದು ಅವನಿಗೂ ತಿಳಿದಿತ್ತು. ಆದ್ದರಿಂದ ಕಾಕಾ ಎಲ್ಲಿಗೆ ಹೋದರೆ ಅಲ್ಲಿಗೆ ಅವನೂ ಹೋಗುತ್ತಿದ್ದ. ಒಮ್ಮೆ ಕಾಕಾರ ಚಡ್ಡಿಯ ಲಾಡಿ ಸಡಿಲವಾಯಿತು. ಅದನ್ನು ಬಿಗಿಯಲು ಅವರು ಆಟ ಬಿಟ್ಟು ಹಿಂದೆ, ಮೈದಾನದ ಅರ್ಧದ ಗೆರೆಯವರೆಗೂ ಬಂದರು. ಲಂಬೂ ಅಲ್ಲಿಗೂ ಬಂದು, ಪಕ್ಕದಲ್ಲಿ ನಿಂತು, ಲಾಡಿ ಕಟ್ಟುವುದನ್ನು ಕಾಯತೊಡಗಿದ. ಅವನು ಬಿಟ್ಟು ಬಂದ ಜಾಗ, ಅವರ ಗೋಲಿನ ಮುಂದಿನ ಜಾಗ, ಖಾಲಿ ಬಿದ್ದಿತ್ತು.

ಇದನ್ನು ಮೊದಲು ನೋಡಿದ್ದು ನಾನು ಎಂದು ನನ್ನ ನೆನಪು. ಗೋಲ್‌ಕೀಪರ್ ಮುಂದೆ ಎಷ್ಟೋ ವರ್ಷ, ಅದನ್ನು ನೋಡಿದ್ದು ತಾನು, ಆಟ ಮುಗಿದ ಮೇಲೆ ‘ಆ ಲಂಬೂ ಕಾಕಾನ ಬೆನ್ನ ಹಿಂದ ದಿಬ್ಬಣದಾಗ ಹೋದ್ಹಾಂಗ ಹೊಂಟಿದ್ದ’ ಎಂದು ಹೇಳಿದ್ದೇ ತಾನು ಎಂದು ಸಾಧಿಸುತ್ತಿದ್ದ. ಇಬ್ಬರೂ ಸುಳ್ಳು ಹೇಳುವವರಲ್ಲ. ತೀರ್ಮಾನ ಮಾಡಲು ಬೇರೆ ಸಾಕ್ಷಿ ಇಲ್ಲ. ಉಪಾಯವಂತೂ ನಾನು ಕೂಡಿಸಿದ್ದು, ಅಷ್ಟರಮಟ್ಟಿಗೆ ಖಾತ್ರಿಯಿದೆ.

ಉಪಾಯ ಇದು. ಕಾಕಾ ಮುಂದೆ ನಿಲ್ಲಬಾರದು. ಲಾಡಿ ಬಿಗಿಯಲು ಬಂದ ಹಾಗೆ ಹಿಂದಕ್ಕೆ, ಅರ್ಧದ ಗೆರೆಯ ಕಡೆಗೆ ಬರಬೇಕು. ಲಂಬೂ ಜೊತೆಗೆ ಬರುತ್ತಾನೆ. ನಮ್ಮವರು ರೂಢಿಯಂತೆ ಚೆಂಡನ್ನು ಕಾಕಾರಿಗೇ ಕೊಡಲಿ. ಆ ರೂಢಿಯನ್ನು ಬಿಡಿಸುವ ಗೊಡವೆಯೇ ಬೇಡ. ಕಾಕಾ ಚೆಂಡು ಕಾಯ್ದುಕೊಂಡು ನಿಲ್ಲುವುದರಲ್ಲಿ ನಿಪುಣರು, ಅವರು ಓಡಬೇಕಾಗಿಲ್ಲ. ಆದರೆ ಚೆಂಡು ಕೊಟ್ಟವನು ನಿಲ್ಲಬಾರದು. ಕಾಕಾರನ್ನು ದಾಟಿ ಖಾಲಿ ಜಾಗಕ್ಕೆ ಓಡಬೇಕು. ಕಾಕಾ ಚೆಂಡನ್ನು ಪಕ್ಕದಲ್ಲಿದ್ದ ನನಗೆ ಸಣ್ಣಗೆ ತಳ್ಳುವುದು, ನಾನು ಅದನ್ನು ನೆಲದ ಮೇಲೇ ಆ ಓಡುವವನ ಮುಂದೆ ಬಿಡುವುದು. ಉದ್ದ ಒದೆತ ಎಲ್ಲೂ ಇಲ್ಲ. ಇದ್ದ ಕಾಲುಗಳು, ಇದ್ದ ರೂಢಿ, ಇದ್ದ ಕಾಕಾ. ಬದಲಾಗಬೇಕಾದದ್ದು ಒಂದೇ: ಕೊಟ್ಟು ನಿಲ್ಲುವುದು.

ಒಂದು ರವಿವಾರ ಮಧ್ಯಾಹ್ನ ಎಲ್ಲರನ್ನೂ ನಾರಾಯಣ ಪೇಟೆಯ ನಮ್ಮ ವಾಡೆಯ ಕೋಣೆಗೆ ಕರೆದೆ. ನೆಲದ ಫರಸಿಯ ಮೇಲೆ ಸುಣ್ಣದಿಂದ ಮೈದಾನ ಬರೆದು, ಶೇಂಗಾ ಬೀಜಗಳನ್ನು ನಮ್ಮವರೆಂದೂ ಪುಠಾಣಿ ಕಾಳುಗಳನ್ನು ಪಲಟಣಿಯವರೆಂದೂ ಇಟ್ಟೆ. ನನ್ನ ಹೆಂಡತಿ ಚಹಾ ತಂದವಳು ಬಾಗಿಲಲ್ಲೇ ನಿಂತಳು.

“ಲಡಾಯಿ ಮುಗದ ಮ್ಯಾಲೆ ಈ ನೆಲಾ ಯಾರು ತಿಕ್ಕವರ್ರಿ?”

“ಸೋತವರು, ವೈನಿ,” ಎಂದ ಗೋಲ್‌ಕೀಪರ್.

“ಹಂಗಾದ್ರ ನಿಮಗ ರೂಢಿ ಅದ ಬಿಡ್ರಿ,” ಎಂದು ಅವಳು ಒಳಗೆ ಹೋದಳು.

ನಾನು ಬೀಜಗಳನ್ನು ಸರಿಸುತ್ತ ವಿವರಿಸಿದೆ. ಅರ್ಧ ಹೇಳುವಷ್ಟರಲ್ಲಿ ನಮ್ಮ ಬಲ ಅಂಚು ಕಾಣೆಯಾಯಿತು. ಕಾಕಾ ಯೋಚಿಸುತ್ತ ಯೋಚಿಸುತ್ತ ಅದನ್ನು ಬಾಯಿಗೆ ಹಾಕಿಕೊಂಡಿದ್ದರು.

“ಕಾಕಾ, ನೀವು ನಮ್ಮವನ್ನ ತಿಂದ್ರಿ!” ಎಂದ ಗೋಲ್‌ಕೀಪರ್. “ತಿನ್ನೋದಿದ್ರ ಆ ಲಂಬೂನ ತಿನ್ರಲ್ಲ.”

ನಗುವಿನಲ್ಲಿ ಕಾಕಾ ಸೇರಲಿಲ್ಲ. ಅರ್ಧದ ಗೆರೆಯ ಮೇಲೆ ನಾನಿಟ್ಟ ಶೇಂಗಾ ಬೀಜವನ್ನೇ ನೋಡುತ್ತಿದ್ದರು.

“ಇದು ನಾನೇನು?”

“ಹೌದ್ರಿ ಕಾಕಾ.”

“ಗೋಲು ಎಲ್ಲದ?”

ನಾನು ತೋರಿಸಿದೆ. ಕೋಣೆಯ ಆ ಕಡೆಗಿತ್ತು.

“ಅಂದ್ರ ಎಂ.ಎ. ಸಾಹೇಬ್ರು ನನಗ ಹೇಳೂದು, ಇನ್ನ ನೀ ಗೋಲು ಹೊಡಿಬ್ಯಾಡ. ಇಲ್ಲೆ ನಿಂದ್ರು, ದೇವಸ್ಥಾನದ ಕಂಬಾ ನಿಂತ್ಹಂಗ. ಮಂದಿ ಬಂದು ಸುತ್ತು ಹಾಕಿ ಹೋಗಲಿ. ಹೌದಿಲ್ಲೊ?”

ಸಿಟ್ಟು ಬಂದಾಗ ಮಾತ್ರ ಕಾಕಾ ನನ್ನನ್ನು ಎಂ.ಎ. ಸಾಹೇಬ್ರು ಎನ್ನುತ್ತಿದ್ದರು. ಏನು ಉತ್ತರ ಕೊಟ್ಟೆ ಎನ್ನುವುದರಲ್ಲಿ ನನಗೆ ಅನುಮಾನವಿದೆ. ಆಮೇಲೆ ಹೊಳೆದ ಒಳ್ಳೆಯ ಉತ್ತರಗಳು ಎಷ್ಟೋ ಇವೆ, ಅವನ್ನು ಅಲ್ಲಿಗೆ ತಂದು ಕೂಡಿಸಲಾರೆ. ಮಂಡಳಿಯವರ ಮಾತನ್ನು ಮುಚ್ಚಿಡಲಿಲ್ಲ ಎಂಬುದು ನೆನಪಿದೆ. ಈ ಮ್ಯಾಚು ಸೋತರೆ ಟೀಮೇ ಇರುವುದಿಲ್ಲ. ಗೆಲ್ಲಬೇಕೆಂದರೆ ಲಂಬೂನನ್ನು ಗೋಲಿನ ಮುಂದಿನಿಂದ ಎಳೆದು ತರಬೇಕು. ಅವನು ಬರುವುದು ನಿಮ್ಮೊಬ್ಬರ ಹಿಂದೆ ಮಾತ್ರ ಎಂದು ಹೇಳಿದೆ.

ಕಾಕಾ ಚಹಾ ಮುಗಿಸಿ, ಬಟ್ಟಲು ಕೆಳಗಿಟ್ಟರು.

“ಮತ್ತ ಇವರು ನನ್ನ ದಾಟಿ ಓಡ್ತಾರೇನು?” ಎಂದು ಎಡ ಅಂಚಿನ ಹುಡುಗನ ಕಡೆ ನೋಡಿದರು. “ಓಡ್ತೀಯೇನೋ?”

“ನೀವು ಓಡು ಅಂದ್ರ ಓಡ್ತೀನ್ರಿ.”

“ನಾ ಅನ್ನೋತನಕಾ ಕಾಯ್ದು ಓಡಿದ್ರ ಲಂಬೂ ಊಟಾ ಮಾಡಿ ಬಂದು ನಿಂತಿರ್ತಾನ,” ಎಂದರು ಕಾಕಾ. ಅಷ್ಟು ಹೇಳಿದ ಮೇಲೆ ಒಪ್ಪಿದಂತೆಯೇ ಎಂದು ನಮಗೆ ತಿಳಿಯಿತು.

ಆ ದಿನದಿಂದ ಅಭ್ಯಾಸ. ಮಳೆಯಿರಲಿ ಬಿಡಲಿ, ಕಚೇರಿ ಬಿಟ್ಟ ಮೇಲೆ ಮಬ್ಬುಗತ್ತಲೆಯವರೆಗೆ. ಕಾಕಾ ನಡುವೆ ನಿಲ್ಲುವುದು, ಒಬ್ಬೊಬ್ಬರಾಗಿ ಬಂದು ಚೆಂಡು ಕೊಟ್ಟು ಅವರನ್ನು ದಾಟಿ ಓಡುವುದು. ಬರೆಯಲು ಸುಲಭ, ಮಾಡಿಸಲು ನನಗೆ ಸಾಕುಸಾಕಾಯಿತು. ಕೊಡುವವರೆಗೆ ಚೆನ್ನಾಗಿ ಬರುತ್ತಿದ್ದರು. ಕೊಟ್ಟ ಕೂಡಲೇ ಕಾಲಿಗೆ ಬೇಡಿ ಬಿದ್ದ ಹಾಗೆ ನಿಲ್ಲುತ್ತಿದ್ದರು. ಒಬ್ಬನಂತೂ ಕಾಕಾರನ್ನು ದಾಟುವಾಗ ಗುಡಿಯ ಮುಂದೆ ಹಾಯುವವನಂತೆ ತಲೆ ತಗ್ಗಿಸಿ, ಮೈ ಹಿಡಿ ಮಾಡಿ ಹೋದ. “ಕಡತ ಇಟ್ಟು ಹೊಂಟು ಹೋಗ್ರಿ! ಮೇಜಿನ ಮುಂದ ನಿಂದರಬ್ಯಾಡ್ರಿ!” ಎಂದು ನಾನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ, ಮರುದಿನ ತರಗತಿಯಲ್ಲಿ ಪೇಶವೆಯರ ಕಾಲವನ್ನು ಪಿಸುಮಾತಿನಲ್ಲಿ ಕಲಿಸಬೇಕಾಯಿತು.

ಕೊನೆಗೆ ಕಾಕಾರೇ ಒಂದು ಕ್ರಮ ಹಿಡಿದರು. ಚೆಂಡು ಕೊಟ್ಟು ನಿಂತವನನ್ನು ಅಂಗೈಯಿಂದ ಬೆನ್ನಿಗೆ ಬಾರಿಸಿ ಮುಂದಕ್ಕೆ ನೂಕುವುದು. “ಹೋಗಲೇ! ಸಹಿ ಆಗ್ಯದ, ಹೋಗು!” ಮೊದಮೊದಲು ನೂಕಿದರೆ ಮಾತ್ರ ಓಡುತ್ತಿದ್ದರು. ಆಮೇಲೆ ಕೈ ಎತ್ತುವ ಮುಂಚೆಯೇ ಓಡತೊಡಗಿದರು. ಎಡ ಅಂಚಿನ ಹುಡುಗ ಮಾತ್ರ ಕಡೆಯವರೆಗೂ ಒಂದು ಸಲ ಹೊರಳಿ ನೋಡುವುದನ್ನು ಬಿಡಲಿಲ್ಲ.

ಮ್ಯಾಚಿನ ದಿನ ಬೆಳಿಗ್ಗೆ ಜೋರು ಮಳೆ. ಮಧ್ಯಾಹ್ನ ನಿಂತಿತು. ಪಲಟಣಿಯವರದೇ ಮೈದಾನ; ಒಂದು ಮಗ್ಗುಲಲ್ಲಿ ನೀರು ನಿಂತು ಮೋಡ ಕಾಣುತ್ತಿತ್ತು. ಮಂಡಳಿಯ ಅಧ್ಯಕ್ಷರು ಕೊಡೆ, ಕರಿ ಟೊಪ್ಪಿಗೆ ಸಮೇತ ಬಂದು ಗೆರೆಯ ಪಕ್ಕ ನಿಂತರು. ಸೋತರೆ ಅಲ್ಲೇ ಹೇಳಿ ಮುಗಿಸಲು ಬಂದಿದ್ದಾರೆ ಎಂದು ನನಗನ್ನಿಸಿತು. ಅದು ನನ್ನ ಅನಿಸಿಕೆ. ಅವರು ಆಟ ನೋಡಲಿಕ್ಕೇ ಬಂದಿದ್ದಿರಬಹುದು.

ಮೊದಲ ಅರ್ಧದಲ್ಲಿ ಉಪಾಯ ನಡೆಯಲೇ ಇಲ್ಲ. ಕಾಕಾ ಹಿಂದೆ ಬಂದರು, ಲಂಬೂ ಹಿಂದೆಯೇ ಬಂದ, ಚೆಂಡು ಕಾಕಾರಿಗೆ ಬಂತು, ಅವರು ನನಗೆ ತಳ್ಳಿದರು, ನಾನು ತಲೆ ಎತ್ತಿದೆ. ಮುಂದೆ ಯಾರೂ ಇಲ್ಲ. ನಮ್ಮವರೆಲ್ಲ ಸಾಲಾಗಿ ನಿಂತು ಕಾಕಾರನ್ನು ನೋಡುತ್ತಿದ್ದರು. ಬೂಟುಗಳ ಭಯವೋ, ಗೆರೆಯ ಹೊರಗೆ ನೆರೆದಿದ್ದ ಗೋರಾ ಸಿಪಾಯಿಗಳ, ಸೋಜಿರರ, ಕೂಗಾಟವೋ, ಅಷ್ಟು ದಿನ ತಿದ್ದಿದ್ದು ಒಮ್ಮೆಗೇ ಮರೆತುಹೋಗಿತ್ತು. ಪಲಟಣಿಯವರು ಮೂಲೆಯಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಗೋಲು ಮಾಡಿದರು. ಅರ್ಧ ಸಮಯದ ಸೀಟಿ ಊದುವಾಗ ನಾವು ಒಂದು ಗೋಲು ಹಿಂದೆ.

ನಿಂಬೆಹಣ್ಣಿನ ಹೋಳು ಚೀಪುತ್ತ ಕೆಸರಲ್ಲೇ ಕೂತೆವು. ನಾನು ಏನೋ ಹೇಳಲು ಬಾಯಿ ತೆರೆದೆ. ಕಾಕಾ ಕೈಸನ್ನೆಯಿಂದ ತಡೆದರು. ಎಡ ಅಂಚಿನ ಹುಡುಗನ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು.

“ನನಗ ಚೆಂಡು ಕೊಟ್ಟ ಮ್ಯಾಲೆ ಯಾಕ ನಿಂತಿ?”

“ನೀವು ಏನ ಮಾಡ್ತೀರಿ ನೋಡ್ಲಿಕ್ಕೆ ರೀ.”

“ನಾ ಏನ ಮಾಡ್ತೀನಿ ಅನ್ನೋದು ಇಪ್ಪತ್ತು ವರ್ಷದಿಂದ ಈ ಊರು ನೋಡ್ಯದ. ನೀ ನೋಡಬ್ಯಾಡ. ನಿನ್ನ ಮಾರಿ ನನಗ ಬ್ಯಾಡ ಇವತ್ತ, ಬೆನ್ನು ಕಾಣಬೇಕು. ನಾ ಬಿದ್ರೂ ಹೊಳ್ಳಿ ನೋಡಬ್ಯಾಡ. ತಿಳೀತೇನು?”

“ತಿಳೀತ್ರಿ.”

“ತಿಳದಿದ್ದು ಮಾರಿ ಮ್ಯಾಲೆ ಕಾಣವಲ್ದು. ಇರ್ಲಿ, ಕಾಲಾಗ ಕಾಣಲಿ.”

ಎರಡನೇ ಅರ್ಧದಲ್ಲಿ ಕಂಡಿತು. ಹುಡುಗ ಚೆಂಡನ್ನು ಕಾಕಾರಿಗೆ ಕೊಟ್ಟು, ಅವರನ್ನೂ ಅವರ ಪಕ್ಕದ ಲಂಬೂನನ್ನೂ ಒಟ್ಟಿಗೇ ದಾಟಿ ಹೋದ. ಕಾಕಾ ಬೆನ್ನು ಅಡ್ಡ ಕೊಟ್ಟು ಚೆಂಡನ್ನು ನನ್ನತ್ತ ಸರಿಸಿದರು. ನಾನು ತಲೆ ಎತ್ತಿದಾಗ ಗೋಲಿನ ಮುಂದೆ ಬಯಲು, ಆ ಬಯಲಿನೊಳಗೆ ಓಡುವ ಒಂದು ಬೆನ್ನು. ಅದರ ಮುಂದೆ ಚೆಂಡು ಬಿಟ್ಟೆ. ಅವರ ಗೋಲ್‌ಕೀಪರ್ ಹೊರಗೆ ಬರುವ ಮುಂಚೆ ಹುಡುಗ ಅದನ್ನು ಒಳಗೆ ಹಾಕಿದ್ದ. ಸರಿಸಮ. ನಮ್ಮವರು ಕುಣಿದರು, ಹುಡುಗ ಮಾತ್ರ ಓಡಿ ಬಂದು, ಹೊರಳಿ ನೋಡಲಿಲ್ಲವಲ್ಲ ಎನ್ನುವಂತೆ ಕಾಕಾರ ಮುಖ ನೋಡಿದ. ಕಾಕಾ ಅವನ ಬೆನ್ನಿಗೆ ಒಂದು ಬಾರಿಸಿದರು.

ಆದರೆ ಪಲಟಣಿಯವರು ಮೂರ್ಖರಲ್ಲ. ಅವರ ನಾಯಕ ಲಂಬೂನ ಮೇಲೆ ಕೂಗಾಡಿದ. ಆ ಮೇಲೆ ಲಂಬೂ ಕಾಕಾರ ಹಿಂದೆ ಬರುವುದನ್ನು ಬಿಟ್ಟು ಗೋಲಿನ ಮುಂದೆಯೇ ನಿಂತ. ಚೆಂಡು ಕಾಕಾರಿಗೆ ಬಂತು. ಕಾಯ್ದುಕೊಳ್ಳಲು ಬೆನ್ನು ಅಡ್ಡ ಕೊಟ್ಟರು. ಬೆನ್ನ ಹಿಂದೆ ಯಾರೂ ಇಲ್ಲ. ಏನು ಮಾಡಬೇಕೆಂದು ತಿಳಿಯದೆ ನನಗೆ ಕೊಟ್ಟರು. ಮುಂದೆ ಲಂಬೂ ಗೋಡೆಯ ಹಾಗೆ ನಿಂತಿದ್ದ. ನಾನು ಹಿಂದಕ್ಕೆ ಕೊಟ್ಟೆ. ಮತ್ತೆ ಕಾಕಾರಿಗೆ, ಮತ್ತೆ ನನಗೆ. ಅವನು ಬರದಿದ್ದರೆ ಏನು ಎಂದು ನಾನು ಫರಸಿಯ ಮೇಲೆ ಯೋಚಿಸಿರಲೇ ಇಲ್ಲ. ಹೊತ್ತು ಹೋಗುತ್ತಿತ್ತು. ಸರಿಸಮವೆಂದರೆ ನಮಗೆ ಸೋತ ಹಾಗೆಯೇ.

ಆಗ ಹಿಂದಿನಿಂದ ನಮ್ಮ ಗೋಲ್‌ಕೀಪರನ ದನಿ ಬಂತು. “ಕಾಕಾ! ಸುತ್ತಮುತ್ತ ಯಾರೂ ಇಲ್ರಿ! ಹೊಳ್ರಿ, ನಡೀರಿ ಮುಂದ!”

ಕಾಕಾ ಹೊರಳಿದರು. ಚೆಂಡಿನ ಜೊತೆ ಮುಂದೆ ನಡೆದರು. ಓಡಿದರು ಎನ್ನುವವರಿದ್ದಾರೆ, ನನ್ನ ಕಣ್ಣಲ್ಲಿರುವುದು ನಡಿಗೆಯೇ. ಅಷ್ಟು ಹೊತ್ತಿಗೆ ಹುಡುಗ ಎಡಗಡೆಯಿಂದ, ಇನ್ನೊಬ್ಬ ಬಲಗಡೆಯಿಂದ ಬೆನ್ನು ತೋರಿಸಿ ಓಡುತ್ತಿದ್ದರು. ಲಂಬೂ ಅವರನ್ನು ನೋಡಿದ, ಕಾಕಾರನ್ನು ನೋಡಿದ, ಮತ್ತೆ ಅವರನ್ನು ನೋಡಿದ. ಯಾರ ಕಡೆಗೂ ಹೋಗಲಿಲ್ಲ. ಕಾಕಾ ನಿಧಾನವಾಗಿ ಸಾಕಷ್ಟು ಹತ್ತಿರ ಬಂದು, ಎಲ್ಲರೂ ಚೆಂಡು ಯಾರಿಗೆ ಕೊಡುತ್ತಾರೆ ಎಂದು ಕಾಯುತ್ತಿರುವಾಗ, ಬರಿಗಾಲಿನಿಂದ ಗೋಲಿಗೇ ಒದ್ದರು.

ದೊಡ್ಡ ಹೊಡೆತವಲ್ಲ. ಅವರ ಗೋಲ್‌ಕೀಪರ್ ಎದೆಗೆ ಹಿಡಿದ. ಹಿಡಿದದ್ದು ನೆನೆದ ಚೆಂಡು. ಕೈಯಿಂದ ಜಾರಿ ಮುಂದೆ ಬಿತ್ತು. ನಮ್ಮ ಹುಡುಗ ನಿಂತು ನೋಡುವವರಲ್ಲಿ ಇರಲಿಲ್ಲ. ಕಾಕಾ ಒದೆಯುತ್ತಾರೋ ಇಲ್ಲವೋ ಎಂದು ಹೊರಳದೆ ಓಡುತ್ತಲೇ ಬಂದಿದ್ದವನ ಕಾಲ ಬುಡಕ್ಕೇ ಅದು ಬಂತು. ಮುಟ್ಟಿದ. ಗೋಲು.

ಉಳಿದ ಹೊತ್ತು ಹೇಗೆ ಕಳೆಯಿತೆಂದು ನಾನು ಹೇಳಲಾರೆ. ನಾವೆಲ್ಲ ನಮ್ಮ ಗೋಲಿನ ಮುಂದೆ ಗುಂಪುಗೂಡಿ, ಕೆಸರಲ್ಲಿ ಹೊರಳಾಡಿ, ಬಂದ ಬಂದ ಚೆಂಡನ್ನು ಹೊರಗೆ ಒದ್ದೆವು. ಕೊನೆಯ ಸೀಟಿ ಆಯಿತು. ಗೆದ್ದೆವು.

ಗೆಲ್ಲಿಸಿದ್ದು ನನ್ನ ಉಪಾಯವೇ ಎಂದು ಎಷ್ಟೋ ದಿನ ನಾನು ನಂಬಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಮೊದಲ ಗೋಲು ಉಪಾಯದ್ದು. ಎರಡನೆಯದು ಒದ್ದೆ ಚೆಂಡಿನದ್ದು, ಕಾಕಾರ ಆಸೆಯದ್ದು, ಹೊರಳಿ ನೋಡದೆ ಓಡಲು ಕಲಿತ ಒಬ್ಬ ಹುಡುಗನದ್ದು. ಉಪಾಯ ಅಷ್ಟನ್ನು ಮಾಡಿತ್ತು ಎನ್ನಬಹುದೇನೋ: ಜಾರಿದ ಚೆಂಡು ಬೀಳುವ ಜಾಗದಲ್ಲಿ ನಮ್ಮವನೊಬ್ಬ ಇರುವಂತೆ. ಒಣ ಮೈದಾನದಲ್ಲಿ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

“ನನ್ನ ಗೋಲಿಗೆ ನೀ ಕಾಲು ಹಚ್ಚಿದಿ,” ಎಂದು ಕಾಕಾ ಹುಡುಗನನ್ನು ಹಿಡಿದುಕೊಂಡಿದ್ದರು.

“ಇಲ್ರಿ ಕಾಕಾ, ಅವರ ಗೋಲ್‌ಕೀಪರ್ ಬಿಟ್ಟಿದ್ದಾ ರೀ.”

“ಬಿಟ್ಟ ಮ್ಯಾಲೆ ಅದರಷ್ಟಕ್ಕ ಅದು ಒಳಗ ಹೊಂಟಿತ್ತು. ಜೇಜುರಿಗೆ ಹೊಂಟ ಯಾತ್ರಿಕನ ಹಂಗ. ನೀ ಯಾಕ ಅಡ್ಡ ಬಂದಿ?”

“ತಪ್ಪಾತ್ರಿ,” ಎಂದ ಹುಡುಗ. ಮೊದಲ ಸಲ ಅವರ ಮುಖ ನೋಡಿ ನಗುತ್ತಿದ್ದ.

ಅಧ್ಯಕ್ಷರು ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು ಕೆಸರು ದಾಟಿ ಬಂದರು. “ಆತಲ್ಲ ಮಾಸ್ತರ. ಬರೂ ವರ್ಷಾನೂ ಆಡ್ರಿ,” ಎಂದು ಅಷ್ಟೇ ಹೇಳಿ, ಕಾಕಾರ ಕಡೆ ತಿರುಗಿ ಕೈ ಮುಗಿದರು. ಕಾಕಾ ಅವರನ್ನು ಸರಿಯಾಗಿ ಗಮನಿಸಲೇ ಇಲ್ಲ. ಸೋಜಿರರು ತಮ್ಮ ಬ್ಯಾರಕ್ಕಿನ ಕಡೆ ಹೊರಟಿದ್ದರು. ಕಾಕಾ ಖಾಲಿಯಾದ ಗೋಲನ್ನೇ ನೋಡುತ್ತ ನಿಂತಿದ್ದರು.

“ಆ ಲಂಬೂ ಬರಲಿಲ್ಲ ನೋಡು, ಆಗ ನನ್ನ ಕೈಯಾಗ ಏನೂ ಇರಲಿಲ್ಲ,” ಎಂದು ನನಗೆ ಹೇಳಿದರು. “ಬರೂ ವರ್ಷ ಯಾವನೂ ಬರೂದಿಲ್ಲ. ಎಲ್ಲಾರಿಗೂ ಗೊತ್ತಾಗಿರ್ತದ. ಆಗ ಏನ ಮಾಡೂದು, ಹೇಳು.”

“ರವಿವಾರ ಕೂತು ಯೋಚನಿ ಮಾಡೂಣು ಕಾಕಾ.”

“ಕೂತು ಯಾಕ? ಇಲ್ಲೆ ನಿಂತೀವಲ್ಲ.”

ಸೈಕಲ್ಲಿಗೆ ಚೀಲ ಕಟ್ಟುತ್ತಿದ್ದವರನ್ನೆಲ್ಲ ಹೆಸರು ಹಿಡಿದು ಕರೆದರು. ಕಚೇರಿಯಲ್ಲಿ ಕರೆಯುವ ದನಿ. ಯಾರೂ ಹೋಗುವ ಹಾಗಿರಲಿಲ್ಲ. ಗೋಲ್‌ಕೀಪರನನ್ನು ಲಂಬೂ ಮಾಡಿ ಗೋಲಿನ ಮುಂದೆ ನಿಲ್ಲಿಸಿದರು. ಅವನು ತನ್ನ ಎತ್ತರದ ಬಗ್ಗೆ ಗೊಣಗುತ್ತಲೇ ನಿಂತ. ಹುಡುಗ ಎಡಕ್ಕೆ ಹೋದ. ನಾನು ನೋಯುವ ಪಾದ ಎಳೆಯುತ್ತ ನನ್ನ ಜಾಗಕ್ಕೆ ಬಂದೆ. ಅಧ್ಯಕ್ಷರು ಕೊಡೆ ಬಿಚ್ಚಿ ಅಲ್ಲೇ ನಿಂತರು, ಮಳೆ ಮತ್ತೆ ಹನಿಯತೊಡಗಿತ್ತು. ಕಾಕಾ ಅರ್ಧದ ಗೆರೆಯ ಮೇಲೆ ಚೆಂಡಿಟ್ಟು, ಹೊರಳಿ, ಈ ಸಲ ಯಾರೂ ಹೇಳದೆಯೇ ಮುಂದಕ್ಕೆ ನಡೆದರು.